ಶ್ರೀರಂಗಪಟ್ಟಣದ ವಜ್ರ, ಕಾವೇರಿ ದಡದ ಹಾಳು ಬಂಗಲೆ



ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿದ ಕುಟುಂಬಗಳು ಪಾಂಡವಪುರ ದಾಟುವ ಹೊತ್ತಿಗೆ ಬುತ್ತಿಯ ಡಬ್ಬಿಯನ್ನು ಮುಚ್ಚಿ ಕಿಟಕಿಯ ಕಡೆ ಸರಿದು ಕುಳಿತುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಕಾವೇರಿ ಕಾಣಿಸುವ ಜಾಗವದು. ಸೇತುವೆ ದಾಟಿದ ರೈಲು ನೇರವಾಗಿ ಶ್ರೀರಂಗಪಟ್ಟಣದ ಹಳೆಯ ಕೋಟೆಯೊಳಕ್ಕೇ ನುಗ್ಗುತ್ತದೆ. ಈ ಮಾರ್ಗಕ್ಕೆ ಎರಡನೆಯ ಹಳಿ ಹಾಸುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡ ಬಂದಿತು. ಅದನ್ನು ಕೆಡವಲಿಲ್ಲ, 2017ರ ಮಾರ್ಚ್ ತಿಂಗಳಲ್ಲಿ ಬುಡಸಹಿತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ, ಹೊಸ ಜಾಗದಲ್ಲಿ ಇರಿಸಿದರು. ಆ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ನೆನಪಾದದ್ದು ಟಿಪ್ಪುವಲ್ಲ, ಒಂದು ಇಂಗ್ಲಿಷ್ ಕಾದಂಬರಿ. ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಯೊಂದನ್ನು ಕಾಡಿದ ನಿಗೂಢ ಕಥೆಯದು. ಅದರ ಮೊದಲ ಪುಟಗಳು ತೆರೆದುಕೊಳ್ಳುವುದು ಮಾತ್ರ ಇಲ್ಲಿ, ಶ್ರೀರಂಗಪಟ್ಟಣದ ಅರಮನೆಯ ಶಸ್ತ್ರಾಗಾರದಲ್ಲಿ.

ಕಾದಂಬರಿಯ ಹೆಸರು ‘ದಿ ಮೂನ್‌ಸ್ಟೋನ್’, ಕನ್ನಡದಲ್ಲಿ ಹೇಳುವುದಾದರೆ ‘ಚಂದ್ರಕಾಂತ ಶಿಲೆ’. ಬರೆದವರು ವಿಲ್ಕಿ ಕಾಲಿನ್ಸ್ (1824–1889). ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ಅದು ಧಾರಾವಾಹಿಯಾಗಿ ಬಂದಿತು. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಅದಕ್ಕೆ ಹಿರಿಯಣ್ಣನ ಸ್ಥಾನವನ್ನು ಕವಿ ಟಿ. ಎಸ್. ಎಲಿಯಟ್ ಅವರಂಥವರೇ ಕೊಟ್ಟಿದ್ದಾರೆ.

ಕಥೆ ಹೀಗೆ ಆರಂಭವಾಗುತ್ತದೆ. 1799ರ ಮೇ 4. ಕೋಟೆ ಬಿದ್ದಿದೆ, ಸೈನಿಕರು ಲೂಟಿಗೆ ಇಳಿದಿದ್ದಾರೆ. ಜಾನ್ ಹೆರ್ನ್‌ಕ್ಯಾಸಲ್ ಎಂಬ ಅಧಿಕಾರಿ ಶಸ್ತ್ರಾಗಾರದಲ್ಲಿ ಒಂದು ಕೈಯಲ್ಲಿ ಪಂಜು, ಮತ್ತೊಂದು ಕೈಯಲ್ಲಿ ನೆತ್ತರು ಸುರಿಯುವ ಕಠಾರಿ ಹಿಡಿದು ನಿಂತಿದ್ದಾನೆ. ಕಠಾರಿಯ ಹಿಡಿಯಲ್ಲಿ ಹಳದಿ ವಜ್ರವೊಂದು ಹೊಳೆಯುತ್ತಿದೆ. ಅದನ್ನು ಕಾಯುತ್ತಿದ್ದ ಇಬ್ಬರು ಭಾರತೀಯರು ಸತ್ತು ಬಿದ್ದಿದ್ದಾರೆ. ಮೂರನೆಯವನು, ಈ ಕಲ್ಲು ನಿನ್ನ ಮೇಲೂ ನಿನ್ನವರ ಮೇಲೂ ಸೇಡು ತೀರಿಸಿಕೊಳ್ಳುವುದೆಂದು ಶಪಿಸಿ ಪ್ರಾಣ ಬಿಡುತ್ತಾನೆ. ವಜ್ರವು ಮೂಲತಃ ಸೋಮನಾಥದ ಚಂದ್ರದೇವನ ಹಣೆಯಲ್ಲಿತ್ತಂತೆ, ಕೈಯಿಂದ ಕೈಗೆ ಸಾಗಿ ಟಿಪ್ಪುವಿನ ಭಂಡಾರ ಸೇರಿತಂತೆ. ತಲೆಮಾರಿನಿಂದ ತಲೆಮಾರಿಗೆ ಮೂವರು ಬ್ರಾಹ್ಮಣರು ವೇಷ ಮರೆಸಿಕೊಂಡು ಅದರ ಹಿಂದೆಯೇ ಅಲೆಯುತ್ತಿರುತ್ತಾರಂತೆ.

ಬಂಧುಗಳು ದೂರವಿಟ್ಟ ಹೆರ್ನ್‌ಕ್ಯಾಸಲ್ ಸಾಯುವಾಗ ಆ ವಜ್ರವನ್ನು ತನ್ನ ತಂಗಿಯ ಮಗಳು ರೇಚಲ್ ವೆರಿಂಡರ್‌ಗೆ ಬರೆದಿಡುತ್ತಾನೆ. ಅದು ಪ್ರೀತಿಯಿಂದಲೋ ಹಗೆಯಿಂದಲೋ ಯಾರಿಗೂ ತಿಳಿಯದು. ಯಾರ್ಕ್‌ಷೈರ್ ಕಡಲ ತೀರದ ಬಂಗಲೆಯಲ್ಲಿ, 1848ರ ಜೂನ್ 21ರಂದು, ಹುಡುಗಿಯ ಹದಿನೆಂಟನೆಯ ಹುಟ್ಟುಹಬ್ಬದ ಸಂಜೆ ವಜ್ರ ಅವಳ ಉಡುಪಿನ ಮೇಲೆ ಮಿಂಚುತ್ತದೆ, ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಬಂಗಲೆಯ ಹೊರಗೆ ದೊಂಬರ ವೇಷದ ಮೂವರು ಭಾರತೀಯರು ಸುಳಿದಾಡುತ್ತಾರೆ. ಸಮೀಪದಲ್ಲೇ ನಡುಗುವ ಮರಳು ಎಂಬ ಜಾಗವಿದೆ, ಕಾಲಿಟ್ಟವರನ್ನು ನುಂಗುವ ಹೂಳು. ಹಿಂದೊಮ್ಮೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿದ್ದ ಮನೆಗೆಲಸದ ಹೆಣ್ಣುಮಗಳೊಬ್ಬಳು ಎಲ್ಲರ ಅನುಮಾನಕ್ಕೆ ಗುರಿಯಾಗಿ, ಯಾರಿಗೂ ಹೇಳಲಾಗದ ಪ್ರೀತಿಯೊಂದನ್ನು ಎದೆಯಲ್ಲಿಟ್ಟುಕೊಂಡು, ಆ ಮರಳಿನಲ್ಲಿಯೇ ಮರೆಯಾಗುತ್ತಾಳೆ.

ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ಗಾಥಿಕ್ ಎಂಬ ಹೆಸರಿದೆ. ಹಳೆಯ ಮಹಲು, ಬೀಗ ಹಾಕಿದ ಕೋಣೆ, ರಾತ್ರಿಯ ಹೆಜ್ಜೆ ಸಪ್ಪಳ, ತಲೆಮಾರಿನ ಶಾಪ ಇವೇ ಅದರ ಸಾಮಗ್ರಿ. ಅದರ ಮೂಲಪುರುಷ ಹೊರೇಸ್ ವಾಲ್‌ಪೋಲ್. 1764ರಲ್ಲಿ ‘ಒಟ್ರಾಂಟೋ ಕೋಟೆ’ಯನ್ನು ಪ್ರಕಟಿಸುವಾಗ ಆತ ತನ್ನ ಹೆಸರನ್ನು ಮುಚ್ಚಿಟ್ಟು, ಉತ್ತರ ಇಂಗ್ಲೆಂಡಿನ ಹಳೆಯ ಕಥೋಲಿಕ ಮನೆತನವೊಂದರ ಗ್ರಂಥಾಲಯದಲ್ಲಿ ಸಿಕ್ಕಿದ ಪುಸ್ತಕವಿದು ಎಂದು ಸುಳ್ಳು ಮುನ್ನುಡಿ ಬರೆದ. ನಂತರ ಬಂದ ಆ್ಯನ್ ರ‍್ಯಾಡ್‌ಕ್ಲಿಫ್, ಮ್ಯಾಥ್ಯೂ ಲೂಯಿಸ್ ಮೊದಲಾದವರ ಕಥೆಗಳಲ್ಲಿ ಕೇಡಿಗರಾಗಿ ನಿಲ್ಲುವವರು ಹೆಚ್ಚಾಗಿ ಸನ್ಯಾಸಿಗಳು. ಭಯ ಹುಟ್ಟಿಸುವ ತಾಣಗಳು ಮಠಗಳು, ಕನ್ಯಾಮಠಗಳು. ನಮ್ಮಂಥವರು ಓದಿದರೆ ಸ್ವಲ್ಪ ಕಸಿವಿಸಿಯಾಗುವುದು ಸಹಜ. ಆದರೆ ಅದರ ಹಿಂದೆ ಒಂದು ಚರಿತ್ರೆಯಿದೆ.

ಎಂಟನೆಯ ಹೆನ್ರಿ 1536ರಿಂದ ನಾಲ್ಕೈದು ವರ್ಷಗಳಲ್ಲಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಭೂಮಿಯನ್ನು ಕಿತ್ತುಕೊಂಡ. ಸನ್ಯಾಸಿಗಳು ಹೊರಬಿದ್ದ ಅನೇಕ ಕಟ್ಟಡಗಳು ಶ್ರೀಮಂತರ ಹಳ್ಳಿಮನೆಗಳಾದವು. ಕವಿ ಬೈರನ್‌ನ ಮನೆತನದ ನ್ಯೂಸ್ಟೆಡ್ ಆ್ಯಬಿ ಅಂಥದ್ದೇ. ಮನೆಯ ಹೆಸರಿನಲ್ಲಿ ಮಠದ ಗುರುತು ಉಳಿದೇ ಇತ್ತು. ದೇವರ ಸೊತ್ತನ್ನು ನುಂಗಿದ ಮನೆತನ ಏಳಿಗೆಯಾಗದು ಎಂಬ ನಂಬಿಕೆ ಜನರಲ್ಲಿ ಬೇರೂರಿತು. ಸರ್ ಹೆನ್ರಿ ಸ್ಪೆಲ್‌ಮನ್ ಎಂಬ ವಿದ್ವಾಂಸ ಇಂಥ ಕುಟುಂಬಗಳಿಗೆ ಒದಗಿದ ಗತಿಯ ಕುರಿತು ಒಂದು ಗ್ರಂಥವನ್ನೇ ಬರೆದ. ಅದು ಅಚ್ಚಾದದ್ದು ಆತ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, 1698ರಲ್ಲಿ. ಹೀಗಾಗಿ ಇಂಗ್ಲೆಂಡಿನ ಮಹಲಿನ ದೆವ್ವ ಬರಿಯ ದೆವ್ವವಲ್ಲ, ‘ಈ ಮನೆ ನಿಮಗೆ ಹೇಗೆ ಬಂತು?’ ಎಂದು ಕೇಳುವ ಹಳೆಯ ಹಕ್ಕುದಾರನೂ ಹೌದು ಎಂಬುದು ನನ್ನ ಎಣಿಕೆ. ಕಾಲಿನ್ಸ್ ಆ ಹಳೆಯ ಭಯವನ್ನೇ ಎತ್ತಿಕೊಂಡು, ಮಠದ ಜಾಗದಲ್ಲಿ ಭಾರತದ ದೇವಾಲಯವನ್ನು ತಂದಿಟ್ಟರು.

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಕಥೆಗಳಿಗೆ ನೆಲೆ ಕಡಿಮೆ ಎನ್ನಬೇಕು. ರಾಜಾಜಿನಗರವು ಸ್ವಾತಂತ್ರ್ಯಾನಂತರದ ಬಡಾವಣೆ. ವಿಜಯನಗರ, ಬಸವೇಶ್ವರನಗರಗಳು ಅದಕ್ಕಿಂತ ಕಿರಿಯವು. ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆಯವರು, ಬಾಡಿಗೆಯವರು, ನೀರಿನ ತೊಟ್ಟಿ ಎಲ್ಲ ಸೇರಿದ ಮೇಲೆ ದೆವ್ವಕ್ಕೆ ಜಾಗವೆಲ್ಲಿ? ಆದರೂ 1990ರ ದಶಕದಲ್ಲಿ ಬೆಂಗಳೂರಿನ ಅನೇಕ ಬೀದಿಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಅದನ್ನೋದಿ ಹಿಂದಿರುಗುವುದೆಂದು ನಂಬಿಕೆ. ಅಕ್ಷರ ಬಲ್ಲ, ಕೊಟ್ಟ ಮಾತನ್ನು ನಂಬುವ ಸಂಭಾವಿತ ದೆವ್ವ! ಅದು ಯಾರ ಹೆಣ್ಣುಮಗಳು, ಏಕೆ ಸತ್ತಳು ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಾಲಿನ್ಸ್ ಹೇಳಿದ ವಜ್ರ ಶ್ರೀರಂಗಪಟ್ಟಣದಲ್ಲಿ ಇತ್ತೇ? ಇರಲಿಲ್ಲ. ಕೊಹಿನೂರ್ ಮತ್ತು ರಷ್ಯಾದ ರಾಜದಂಡದಲ್ಲಿರುವ ವಜ್ರ, ಇವೆರಡರ ಕಥೆಗಳಿಂದ ಪ್ರೇರಣೆ ಪಡೆದುದಾಗಿ ಮುನ್ನುಡಿಯಲ್ಲಿ ಅವರೇ ತಿಳಿಸಿದ್ದಾರೆ. ರಷ್ಯಾದ ಆ ಓರ್ಲೋವ್ ವಜ್ರವು ತಿರುಚಿರಾಪಳ್ಳಿ ಸಮೀಪದ ಶ್ರೀರಂಗದ ದೇವರ ಕಣ್ಣಾಗಿತ್ತೆಂದೂ ಫ್ರೆಂಚ್ ಸೈನಿಕನೊಬ್ಬ ಅದನ್ನು ಕದ್ದನೆಂದೂ ಪ್ರತೀತಿಯಿದೆ. ಕಾವೇರಿಯ ದ್ವೀಪಗಳಲ್ಲಿ ಶ್ರೀರಂಗಪಟ್ಟಣವು ಆದಿರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಅಂತ್ಯರಂಗದ ಕಥೆ ಹೊಳೆಗೆ ಎದುರಾಗಿ ಈಜಿ ಆದಿರಂಗವನ್ನು ಸೇರಿಕೊಂಡಿತೋ ಏನೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ವಜ್ರ ಕಲ್ಪಿತವಾದರೂ ಲೂಟಿ ಕಲ್ಪಿತವಲ್ಲ. 1799ರ ಮೇ 4ರ ಮಧ್ಯಾಹ್ನ ಜನರಲ್ ಬೇರ್ಡ್ ನೇತೃತ್ವದಲ್ಲಿ ಸೈನ್ಯ ಕಾವೇರಿಯನ್ನು ದಾಟಿ ಕೋಟೆಯ ಒಡಕಿನಲ್ಲಿ ನುಗ್ಗಿತು. ಸಂಜೆಯ ಹೊತ್ತಿಗೆ ಟಿಪ್ಪು ಹತನಾಗಿದ್ದ. ಆ ರಾತ್ರಿ ಪಟ್ಟಣದಲ್ಲಿ ಲೂಟಿಗೆ ಒಳಗಾಗದ ಮನೆ ಇರಲಿಲ್ಲವೆಂಬಂತೆ ಬರೆದವನು ಬೇರಾರೂ ಅಲ್ಲ, ಮರುದಿನ ಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್‌ನನ್ನು ಸೋಲಿಸಿ ಹೆಸರಾದ ವೆಲ್ಲಿಂಗ್ಟನ್ ದೊರೆ. ಬೆಲೆಬಾಳುವ ಆಭರಣಗಳನ್ನೂ ಚಿನ್ನದ ಗಟ್ಟಿಗಳನ್ನೂ ಸೈನಿಕರು, ಸಿಪಾಯಿಗಳು, ಅವರ ಹಿಂದೆ ಬಂದ ಪರಿವಾರದವರು ದಂಡಿನ ಸಂತೆಯಲ್ಲಿ ಮಾರಲು ತಂದರೆಂದು ಆತ ತನ್ನ ಅಣ್ಣನಿಗೆ ತಿಳಿಸಿದ. ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿದ ಮೇಲೆಯೇ ಲೂಟಿ ನಿಂತಿತು. ಸೈನ್ಯದ ವೈದ್ಯನೊಬ್ಬ ಸಾಮಾನ್ಯ ಸೈನಿಕನಿಂದ ಕೊಂಡ ತೋಳಬಂದಿಗಳ ಬೆಲೆ ಕಟ್ಟಲು ಅಕ್ಕಸಾಲಿಗೆ ಸಾಧ್ಯವಾಗಲಿಲ್ಲವೆಂಬ ಕಥೆಯೂ ಆ ಕಾಲದವರ ಬಾಯಲ್ಲಿತ್ತು. ಕಾಲಿನ್ಸ್‌ಗೆ ಕಲ್ಪಿಸಲು ಬಹಳ ಉಳಿದಿರಲಿಲ್ಲ.

ಇದು ಕದ್ದು ಒಯ್ದವರ ಮಾತಾಯಿತು. ಸರಕಾರಿ ಲೆಕ್ಕದಲ್ಲಿ ಹಂಚಿಕೊಂಡದ್ದು ಬೇರೆ. ಟಿಪ್ಪುವಿನ ಚಿನ್ನದ ಹೊದಿಕೆಯ ಸಿಂಹಾಸನವನ್ನು ತುಂಡು ತುಂಡಾಗಿ ಒಡೆದರು. ಅದರ ಹುಲಿಮುಖಗಳಲ್ಲೊಂದು ವೇಲ್ಸ್ ಪ್ರಾಂತದ ಪೋವಿಸ್ ಕೋಟೆಗೆ ಸೇರಿತು. ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನದ ಮಹಲದು. ಟಿಪ್ಪುವಿನ ಬಣ್ಣದ ಡೇರೆಯೂ ಅಲ್ಲೇ ಇದೆ. ಬಿಳಿಯ ಸೈನಿಕನ ಮೇಲೆರಗಿದ ಮರದ ಹುಲಿ 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕಿತ್ತು. ಈಗ ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬೇರ್ಡ್‌ಗೆ ಕಾಣಿಕೆಯಾಗಿ ಕೊಟ್ಟ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ಕಾದಂಬರಿಯ ಕೊನೆಯಲ್ಲಿ ಮಾತ್ರ ವಜ್ರವು ಸೋಮನಾಥದ ಸಮೀಪ, ಸಾವಿರಾರು ಭಕ್ತರ ನಡುವೆ, ತನ್ನ ದೇವರ ಹಣೆಗೆ ಮರಳುತ್ತದೆ.

ಆ ವಜ್ರವನ್ನು ಬಂಗಲೆಯಿಂದ ಕದ್ದವರು ಯಾರು? ಕಾದಂಬರಿ ಬಂದು ಒಂದೂವರೆ ಶತಮಾನ ಕಳೆದಿರುವುದರಿಂದ ಗುಟ್ಟು ಬಿಟ್ಟುಕೊಟ್ಟರೆ ನೀವು ಮುನಿಸಿಕೊಳ್ಳಲಾರಿರಿ. ಎಲ್ಲರ ಬೆರಳೂ ಮೂವರು ಭಾರತೀಯರ ಕಡೆ, ಬಡ ಕೆಲಸದವಳ ಕಡೆ. ಕಳ್ಳನನ್ನು ಹಿಡಿಯಲು ಎಲ್ಲರಿಗಿಂತ ಹೆಚ್ಚು ಓಡಾಡುವವನು ಫ್ರಾಂಕ್ಲಿನ್ ಬ್ಲೇಕ್, ರೇಚಲ್‌ಳನ್ನು ಪ್ರೀತಿಸುವ ತರುಣ. ಹುಡುಕುತ್ತ ಹುಡುಕುತ್ತ ಅವನಿಗೆ ಬಣ್ಣ ತಗುಲಿದ ರಾತ್ರಿಯುಡುಗೆಯೊಂದು ಸಿಗುತ್ತದೆ. ಅದರ ಮೇಲಿನ ಹೆಸರು ಅವನದೇ. ಅವನಿಗೆ ತಿಳಿಯದಂತೆ ಯಾರೋ ಕುಡಿಸಿದ್ದ ಅಫೀಮಿನ ಅಮಲಿನಲ್ಲಿ, ವಜ್ರವನ್ನು ಕಾಪಾಡಬೇಕೆಂಬ ಆತಂಕದಿಂದ ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಎತ್ತಿಕೊಂಡವನು ಅವನೇ. ಅವನ ಕೈಯಿಂದ ಅದನ್ನು ಪಡೆದು ಜೇಬಿಗೆ ಹಾಕಿಕೊಂಡವನು ಗಾಡ್ಫ್ರೆ ಏಬಲ್‌ವೈಟ್; ಮಹಿಳೆಯರ ದತ್ತಿ ಸಮಿತಿಗಳ ಅಚ್ಚುಮೆಚ್ಚಿನ ಭಾಷಣಕಾರ, ಒಳಗೊಳಗೆ ತನ್ನ ವಶದಲ್ಲಿದ್ದ ಪರರ ಹಣವನ್ನು ಕರಗಿಸಿದ್ದವನು. ಅವನನ್ನು ಸಂತನೆಂದು ನಂಬಿ, ಮನೆಮನೆಯ ಮೂಲೆಯಲ್ಲೂ ಧಾರ್ಮಿಕ ಕರಪತ್ರಗಳನ್ನು ಬಚ್ಚಿಟ್ಟು ಬರುವ ಮಿಸ್ ಕ್ಲಾಕ್ ಎಂಬ ಹೆಂಗಸಿನ ಚಿತ್ರಣ ಬಹು ಸೊಗಸಾಗಿದೆ. ನಮ್ಮ ಧರ್ಮಕೇಂದ್ರಗಳ ಸಮಿತಿಗಳಲ್ಲಿರುವವರು ಆ ಪುಟಗಳನ್ನು ಓದಿ ನಗಬಹುದು. ನಕ್ಕ ಮೇಲೆ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬಹುದು.

ಆ ರಾತ್ರಿಯುಡುಗೆಯ ಸುಳಿವನ್ನು ಕಾಲಿನ್ಸ್ ಒಂದು ನಿಜ ಪ್ರಕರಣದಿಂದ ತೆಗೆದುಕೊಂಡರು. 1860ರಲ್ಲಿ ವಿಲ್ಟ್‌ಷೈರ್‌ನ ರೋಡ್ ಹಿಲ್ ಹೌಸ್ ಎಂಬ ಹಳ್ಳಿಯ ಬಂಗಲೆಯಲ್ಲಿ ಮೂರು ವರ್ಷದ ಮಗುವೊಂದು ಕೊಲೆಯಾಯಿತು. ಲಂಡನ್ನಿನಿಂದ ಬಂದ ಪತ್ತೇದಾರ ವಿಚರ್, ಮಗುವಿನ ಮಲಸಹೋದರಿ, ಹದಿನಾರರ ಕಾನ್ಸ್ಟೆನ್ಸ್ ಕೆಂಟ್‌ಳ ಉಡುಪೊಂದು ಕಾಣೆಯಾಗಿರುವುದನ್ನು ಗಮನಿಸಿ ಅವಳನ್ನು ಬಂಧಿಸಿದ. ಮರ್ಯಾದಸ್ಥ ಮನೆಯ ಹುಡುಗಿಯನ್ನು ಅನುಮಾನಿಸಿದ್ದಕ್ಕೆ ದೇಶವೆಲ್ಲ ಅವನನ್ನೇ ಹಳಿಯಿತು; ಸಾಕ್ಷ್ಯ ಸಾಲದೆ ಅವಳು ಬಿಡುಗಡೆಯಾದಳು. ಐದು ವರ್ಷಗಳ ನಂತರ, ಬ್ರೈಟನ್ನಿನ ಆಂಗ್ಲಿಕನ್ ಸಹೋದರಿಯರ ಆಶ್ರಯದಲ್ಲಿದ್ದ ಆಕೆ, ಆರ್ಥರ್ ವ್ಯಾಗ್ನರ್ ಎಂಬ ಗುರುವಿನ ಬಳಿ ಪಾಪನಿವೇದನೆ ಮಾಡಿ, ತಾನಾಗಿ ನ್ಯಾಯಾಲಯಕ್ಕೆ ಬಂದು ತಪ್ಪನ್ನು ಒಪ್ಪಿಕೊಂಡಳು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹಲು ಆ ಗುರು ನಿರಾಕರಿಸಿದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೇ ಆಯಿತು. ಆಕೆ 20 ವರ್ಷ ಸೆರೆಮನೆಯಲ್ಲಿದ್ದು, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ದಾದಿಯಾಗಿ ರೋಗಿಗಳ ಸೇವೆ ಮಾಡಿ, ನೂರು ವರ್ಷ ಬಾಳಿ 1944ರಲ್ಲಿ ತೀರಿಕೊಂಡಳು. ಕಾದಂಬರಿಗಿಂತ ಈ ಬದುಕೇ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದೆ.

ಕಾಲಿನ್ಸ್ ಕೂಡ ನೋವಿನಲ್ಲಿ ಮುಳುಗಿಯೇ ಇದನ್ನು ಬರೆದರು. 1868ರ ಮಾರ್ಚ್‌ನಲ್ಲಿ ಅವರ ತಾಯಿ ತೀರಿಕೊಂಡರು. ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಅವರು ಅಫೀಮಿನ ಔಷಧಿ ಕುಡಿಯುತ್ತ, ಮಲಗಿದಲ್ಲಿಂದಲೇ ಕೆಲವು ಭಾಗಗಳನ್ನು ಹೇಳಿ ಬರೆಯಿಸಿದರು. ಅದೇ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದರು. 1799ರ ಆ ಯುದ್ಧದ ಫಲವಾಗಿ ಐದರ ಹರೆಯದಲ್ಲಿ ಸಿಂಹಾಸನವೇರಿದ ದೊರೆ ಅವರು. ಲಂಡನ್ನಿನ ಓದುಗರು ಶ್ರೀರಂಗಪಟ್ಟಣದ ಶಾಪದ ಕಥೆಯನ್ನು ವಾರವಾರವೂ ಕಾದು ಓದುತ್ತಿದ್ದಾಗ, ಆ ಪತನದ ಬಹುಶಃ ಕೊನೆಯ ದೊಡ್ಡ ಸಾಕ್ಷಿ ಇಲ್ಲಿ ಕಣ್ಣು ಮುಚ್ಚಿದ್ದರು.

ಒಂದು ಕೊರತೆಯನ್ನೂ ಹೇಳಿಬಿಡಬೇಕು. ಕಾಲಿನ್ಸ್ ಭಾರತೀಯರ ವಿಷಯದಲ್ಲಿ ತಮ್ಮ ಕಾಲದ ಬಹುಮಂದಿಗಿಂತ ನ್ಯಾಯವಂತರು. ಮೂಲ ಕಳ್ಳ ಇಂಗ್ಲಿಷಿನವನೇ ಎಂದು ಮೊದಲ ಅಧ್ಯಾಯದಲ್ಲೇ ಹೇಳಿದವರು. ಆದರೆ ಆ ಮೂವರು ಬ್ರಾಹ್ಮಣರಿಗೆ ಹೆಸರೇ ಇಲ್ಲ. ಶ್ರೀರಂಗಪಟ್ಟಣದ ನಿವಾಸಿಗಳಂತೂ ಪುಟದೊಳಕ್ಕೆ ಬರುವುದೇ ಇಲ್ಲ. ನಮ್ಮ ಓದುಗರಲ್ಲಿ ಕೆಲವರ ಪೂರ್ವಜರು ಆ ದಿನ ಅಲ್ಲಿದ್ದಿರಬಹುದು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದಿದ್ದರು. ಹಸಿವು, ರೋಗ, ಬಲವಂತದ ಮತಾಂತರಗಳನ್ನು ದಾಟಿ ಉಳಿದವರಿಗೆ ಬಿಡುಗಡೆ ದೊರೆತದ್ದು ಕೋಟೆ ಬಿದ್ದ ಮೇಲೆ. ಅದೇ ವರ್ಷ ಅಲ್ಲಿಗೆ ಬಂದು, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಅವರ ಹೆಸರಿನ ದೇವಾಲಯ ಗಂಜಾಂನಲ್ಲಿ ಇಂದಿಗೂ ಇದೆ. ಲೂಟಿಯ ರಾತ್ರಿಯಿಂದ ಒಬ್ಬ ಕಾದಂಬರಿಕಾರನಿಗೆ ವಜ್ರ ಸಿಕ್ಕಿತು. ದ್ಯುಬುವಾ ಅವರಿಗೆ ಸಿಕ್ಕಿದ್ದು ಮನೆಮಠ ಕಳೆದುಕೊಂಡ ಸಭೆ.

ಇಂಗ್ಲೆಂಡಿನ ಬಂಗಲೆಗೆ ಶ್ರೀರಂಗಪಟ್ಟಣದ ನೆರಳು ತಾಗಿದಂತೆ, ಶ್ರೀರಂಗಪಟ್ಟಣದಲ್ಲೂ ಇಂಗ್ಲಿಷರ ಬಂಗಲೆಯೊಂದು ನೆರಳು ಕವಿದು ಉಳಿಯಿತು. ಇದು ಕಾದಂಬರಿಯಲ್ಲ. ಯುದ್ಧ ಮುಗಿದ ಮೇಲೆ ಕಂಪನಿಯವರು ಅಲ್ಲಿ ಫಿರಂಗಿ ಬಂಡಿಗಳನ್ನು ತಯಾರಿಸುವ ಕಾರ್ಖಾನೆ ನಡೆಸಿದರು. ಅದರ ಮುಖ್ಯಾಧಿಕಾರಿ ಸ್ಕಾಟ್ ಎಂಬವನು ಕಾವೇರಿಯ ದಡದಲ್ಲಿ ವಾಸವಾಗಿದ್ದ. ಜನ ಅವನನ್ನು ಕರ್ನಲ್ ಸ್ಕಾಟ್ ಎಂದೇ ನೆನೆಯುತ್ತಾರೆ, ಆ ಮನೆಯನ್ನು ಸ್ಕಾಟ್ ಬಂಗಲೆ ಎನ್ನುತ್ತಾರೆ.

ಕಥೆ ಹೇಳುವವರ ಪ್ರಕಾರ ಸ್ಕಾಟ್ ಒಂದು ದಿನ ಕೆಲಸ ಮುಗಿಸಿ ಮನೆಗೆ ಬಂದಾಗ ಹೆಂಡತಿಯೂ ಹೆಣ್ಣುಮಕ್ಕಳೂ ಕಾಲರಾದಿಂದ ಸತ್ತು ಮಲಗಿದ್ದರು. ಅವನು ಹಾಸಿದ ಹಾಸಿಗೆ, ಇಟ್ಟ ಪಾತ್ರೆ, ತೆರೆದ ವಾದ್ಯ ಯಾವುದನ್ನೂ ಮುಟ್ಟದೆ ಬಾಗಿಲು ದಾಟಿ ಹೊರಟುಹೋದ. ಕಾವೇರಿಗೆ ಹಾರಿದನೆಂದೂ ಅವನ ಟೋಪಿ ಮಾತ್ರ ನೀರಿನ ಮೇಲೆ ತೇಲುತ್ತಿತ್ತೆಂದೂ ಕೆಲವರು ಸೇರಿಸುತ್ತಾರೆ. ಅವನಲ್ಲಿ ಸ್ನೇಹವಿಟ್ಟಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಆ ಮನೆಯಲ್ಲಿ ಒಂದು ವಸ್ತುವನ್ನೂ ಕದಲಿಸಬಾರದೆಂದು ಅಪ್ಪಣೆ ಮಾಡಿದರಂತೆ. ಹೀಗೆ ದಶಕಗಳ ಕಾಲ ಪರದೆಗಳು ನೇತಾಡುತ್ತ ಜೀರ್ಣವಾದವು, ಮಂಚಗಳನ್ನು ಗೆದ್ದಲು ತಿಂದಿತು. ಬಂಗಲೆಯಲ್ಲಿ ರಾತ್ರಿ ಹೆಜ್ಜೆ ಸಪ್ಪಳ ಕೇಳುವುದೆಂಬ ಮಾತು ಹುಟ್ಟಲು ಇನ್ನೇನು ಬೇಕು? 1870ರ ದಶಕದಲ್ಲಿ ‘ಅಲಿಫ್ ಚೀಮ್’ ಎಂಬ ಗುಪ್ತನಾಮದ ಸೈನ್ಯಾಧಿಕಾರಿ ಅದರ ಮೇಲೆ ಇಂಗ್ಲಿಷಿನಲ್ಲಿ ಪದ್ಯವನ್ನೇ ಬರೆದ. ಮೈಸೂರಿಗೆ ಹೋಗುವ ಬಿಳಿಯ ಪ್ರವಾಸಿಗಳು ಬಂಡಿ ನಿಲ್ಲಿಸಿ ನೋಡುವ ಜಾಗವಾಯಿತು ಅದು.

ಇನ್ನು ಸಮಾಧಿಯ ಸಾಕ್ಷ್ಯವನ್ನು ನೋಡೋಣ. ಶ್ರೀರಂಗಪಟ್ಟಣದಲ್ಲಿ, ಮೈಸೂರಿನ ಹಳೆಯ ಹೆದ್ದಾರಿಗೆ ಸಮೀಪದಲ್ಲಿಯೇ, ಕಾವೇರಿಯ ಬದಿಗೆ ದಂಡಿನವರ ಸ್ಮಶಾನವೊಂದಿದೆ. ಸುಮಾರು 300 ಸಮಾಧಿಗಳು. ಕಂಪನಿಯ ಪರವಾಗಿ ಹೋರಾಡಿದ ಸ್ವಿಟ್ಜರ್ಲೆಂಡಿನ ಡಿ ಮ್ಯೂರೋನ್ ದಳದ ಅಧಿಕಾರಿಗಳೂ ಅವರ ಕುಟುಂಬದವರೂ ಅಲ್ಲಿ ಮಣ್ಣಾಗಿದ್ದಾರೆ. ಅಲ್ಲಿರುವ ಹೆಸರುಗಳಲ್ಲಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬುದೊಂದು. ಬಂಗಲೆಯ ಸ್ಕಾಟ್‌ನ ಹೆಂಡತಿ ಈಕೆ. ಮರಣ 1817ರ ಏಪ್ರಿಲ್‌ನಲ್ಲಿ. ಕಾರಣ ಕಾಲರಾ ಅಲ್ಲ, ಹೆರಿಗೆ. ಕೂಸೂ ಉಳಿಯಲಿಲ್ಲ, ತಾಯಿಯ ಜೊತೆಗೇ ಮಣ್ಣಿಗಿಟ್ಟರು. ಸ್ಕಾಟ್ ಕಾವೇರಿಗೆ ಹಾರಲಿಲ್ಲ, ಕೆಲಸ ಬಿಟ್ಟು ತನ್ನ ದೇಶಕ್ಕೆ ಹಿಂದಿರುಗಿದ.

ಕಾಲರಾ ಹೇಗೆ ಬಂತು? ಚರಿತ್ರೆಯಲ್ಲಿ ಹೆಸರಾದ ಮೊದಲ ದೊಡ್ಡ ಕಾಲರಾ ಪಿಡುಗು ಬಂಗಾಳದ ಜೆಸ್ಸೂರಿನಲ್ಲಿ ಕಾಣಿಸಿಕೊಂಡದ್ದು 1817ರ ಆಗಸ್ಟ್‌ನಲ್ಲಿ; ದಕ್ಷಿಣಕ್ಕೆ ಇಳಿದದ್ದು ಮರುವರ್ಷ. ಕ್ಯಾರೊಲಿನ್ ತೀರಿಕೊಂಡಾಗ ಆ ಪಿಡುಗು ಇನ್ನೂ ಹುಟ್ಟಿರಲಿಲ್ಲ. ಮುಂದೆ ಊರೂರುಗಳನ್ನು ಬರಿದು ಮಾಡಿದ ಆ ಮಾರಿಯ ನೆನಪು, ಹಿಂದಕ್ಕೆ ಸರಿದು, ಮೊದಲೇ ನಡೆದಿದ್ದ ಒಂದು ಸಾವಿನ ಮೇಲೆ ಕುಳಿತುಕೊಂಡಿತು ಎಂದು ತೋರುತ್ತದೆ. ಹೆರಿಗೆಯಲ್ಲಿ ಸತ್ತ ಹೆಣ್ಣಿನ ಕಥೆ ಆ ಕಾಲದಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಅಂಥ ಸಾವು ಪ್ರತಿ ಊರಿನಲ್ಲೂ ಇತ್ತು, ಅರಮನೆಯಲ್ಲೂ ಗುಡಿಸಲಿನಲ್ಲೂ ಇತ್ತು. ಒಂದೇ ದಿನ ಮನೆಯವರೆಲ್ಲ ಸತ್ತರು, ಗಂಡ ಹೊಳೆಗೆ ಹಾರಿದ ಎಂದರೆ ಮಾತ್ರ ಕೇಳುವವರು ಕಿವಿ ನಿಮಿರಿಸುತ್ತಾರೆ. ದೆವ್ವದ ಕಥೆ ಬೆಳೆಯುತ್ತ ಹೋದಂತೆ ಆ ತಾಯಿಯ ಹೆಸರು ಕಥೆಯಿಂದ ಕಳಚಿಬಿತ್ತು. ಪದ್ಯ ಬರೆದವನಿಗಾಗಲಿ, ಬಂಡಿ ನಿಲ್ಲಿಸಿ ನೋಡಿದವರಿಗಾಗಲಿ ಅದು ಬೇಕಾಗಲಿಲ್ಲ.

ಆ ದ್ವೀಪದ ಗಾಳಿಯೂ ವಿದೇಶಿಯರಿಗೆ ಒಗ್ಗಲಿಲ್ಲ. ಚಳಿಜ್ವರಕ್ಕೆ ಸೈನಿಕರು ಸಾಲುಸಾಲಾಗಿ ಬಲಿಯಾದುದರಿಂದಲೇ ಕಂಪನಿಯವರು ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. 1809ರಲ್ಲಿ ಇಲ್ಲಿ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಅದರ ಜೊತೆಗೆ ಬಂದ ಜನರಿಂದ ಬೆಳೆದ ಧರ್ಮಕೇಂದ್ರಗಳ ಚರಿತ್ರೆಯನ್ನು ಬೇರೆಯಾಗಿಯೇ ಬರೆಯಬೇಕು. ಹಿಂದುಳಿದ ಬಂಗಲೆಗಳು ಹಾಳುಬಿದ್ದವು, ಸ್ಮಶಾನದ ಮೇಲೆ ಮುಳ್ಳುಗಿಡ ಬೆಳೆಯಿತು. ಡಿ ಮ್ಯೂರೋನ್ ವಂಶಸ್ಥರು 2000ದ ದಶಕದಲ್ಲಿ ಅದನ್ನು ಶುಚಿಗೊಳಿಸಿ ಜೀರ್ಣೋದ್ಧಾರ ಮಾಡಿಸಿದರು. ಎರಡು ಶತಮಾನ ಕಳೆದ ಮೇಲೂ ತಮ್ಮವರ ಗೋರಿಯನ್ನು ಹುಡುಕಿಕೊಂಡು ಬಂದರಲ್ಲ, ಅದು ದೊಡ್ಡ ಮಾತು.

ಮುಂದಿನ ಸಲ ಮೈಸೂರಿಗೆ ಹೊರಟಾಗ ಶ್ರೀರಂಗಪಟ್ಟಣದಲ್ಲಿ ಇಳಿದುಕೊಳ್ಳಿ. ರಸ್ತೆಯಲ್ಲಿ ಹೋಗುವವರಾದರೆ ಗಮನವಿರಲಿ, 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಹಳೆಯ ರಸ್ತೆಗೆ ತಿರುಗಬೇಕು. ಸರಿಸಿಟ್ಟ ಶಸ್ತ್ರಾಗಾರವನ್ನು ನೋಡಿ, ಗಂಜಾಂನ ದೇವಾಲಯಕ್ಕೆ ಹೋಗಿ. ಸ್ಕಾಟ್ ಬಂಗಲೆ ಎಲ್ಲಿ ಎಂದು ವಿಚಾರಿಸಿದರೆ ದಾರಿಯ ಜೊತೆಗೆ ದೆವ್ವದ ಕಥೆಯನ್ನೂ ಹೇಳುವವರು ಸಿಗಬಹುದು. ಸಾವಧಾನವಾಗಿ ಕೇಳಿಸಿಕೊಳ್ಳಿ, ಕಥೆ ಚೆನ್ನಾಗಿಯೇ ಇದೆ. ಆಮೇಲೆ ಮಕ್ಕಳನ್ನು ಕರೆದುಕೊಂಡು ಸ್ಮಶಾನದ ಕಡೆ ನಡೆಯಿರಿ. ನವೆಂಬರ್ ತಿಂಗಳಾಗಿದ್ದರೆ, ನಿಮ್ಮ ಮನೆಯವರ ಸಮಾಧಿಗೆಂದು ತಂದ ಮೇಣದ ಬತ್ತಿಗಳಲ್ಲಿ ಎರಡನ್ನು ಉಳಿಸಿಕೊಂಡಿರಿ. ಒಂದು ಕ್ಯಾರೊಲಿನ್‌ಗೆ, ಇನ್ನೊಂದು ಆ ಕೂಸಿಗೆ.